ಏಳನೇ ತೂತಿನ ನೀರು

ಕಪ್ಪರಗುಡ್ಡ, ತಾ. ಹಿರೇಕೆರೂರ
೧೮ ನವೆಂಬರ್ ೨೦೨೪

ಇಸ್ಮಾಯಿಲಾ,

ಪಾಕೀಟಿನ ಮ್ಯಾಲಿನ ಅಕ್ಷರಾ ನೋಡಿ ಹರೀಬ್ಯಾಡ. ಹೋದ ವರ್ಷ ಸವಣೂರ ಬಸ್ ಸ್ಟ್ಯಾಂಡಿನಾಗ, ಖಾರಾ ಅಂಗಡಿ ಮುಂದ, ಹತ್ತ ಮಂದಿ ಎದುರು ನೀ ಏನ ಆಣಿ ಮಾಡಿದಿ ಸ್ವಲ್ಪ ನೆನಪ ಮಾಡಿಕೋ. "ಇನ್ನ ಈ ಕರಿಬಸಪ್ಪನ ಸಂಗಾಟ ಬಾಯಿ ಬಿಟ್ಟು ಮಾತಾಡಿದ್ರ ನಾ ಇಸ್ಮಾಯಿಲಸಾಬನ ಅಲ್ಲ" ಅಂದಿ. ಅವತ್ತಿಂದ ನನ್ನ ಫೋನ್ ನಿಂಗ ಹತ್ತವಲ್ದು. ಆದ್ರ ಓದೂದಿಲ್ಲ ಅಂತ ನೀ ಎಲ್ಲೂ ಅಂದಿಲ್ಲ. ಓದಾಕ ಬಾಯಿ ಬಿಡೂದು ಬೇಕಾಗೂದಿಲ್ಲ. ಎರಡನೇತ್ತಾದಾಗಿಂದ ಒಂದ ಬೆಂಚಿನ ಮ್ಯಾಲ ಕುಂತವ್ರು ನಾವು. ನಿನ್ನ ಆಣ್ಯಾಗ ಸಂದಿ ಎಲ್ಲಿರ್ತೈತಿ ಅಂತ ನಂಗ ಗೊತ್ತಿರೂದಿಲ್ಲೇನು?

ಶಿಗ್ಗಾಂವದಾಗಿನ ನನ್ನ ಬೋರ್ ಗಾಡಿ ಮಾರಿದೆ. ನಿನ್ನ ಎಲಿ ತೋಟದಾಗ ಮೂರು ಬೋರ್ ಹೊಡದು ಮೂರಕ್ಕೂ ಬರೇ ಧೂಳ ಬಂದಿದ್ದು ಮೂರು ತಾಲೂಕಿಗೆ ಗೊತ್ತಾತು. ಆಮ್ಯಾಲ ಹಾನಗಲ್ಲಿನಾಗ, ನಾ ಮೊದಲ ಒಣಾ ಬೋರ್ ಹೊಡದು ಕೊಟ್ಟಿದ್ದ ಒಬ್ಬಾಂವ, "ಕರಿಬಸಪ್ಪಾ, ನನ್ನ ಹೊಲದಾಗ ನೀರು ಬ್ಯಾಡ, ಗೋಡೌನ್ ಪಾಯಾಕ್ಕ ಒಣ ಜಾಗಾ ಬೇಕು, ಎಲ್ಲಿ ಐತಿ ತೋರಸು ಬಾ" ಅಂತ ಕರದ. ಅವತ್ತ ಗಾಡಿ ಮಾರಿಬಿಟ್ಟೆ.

ಈಗ ನೌಕರಿ ಸಿಕ್ಕೇತಿ. ಕಂಪನಿಯವ್ರು ಈ ಗುಡ್ಡದಾಗ ವೆನೇಡಿಯಂ ಅನ್ನೂದು ಹುಡಕಾಕತ್ತಾರ. ಕರೇ ಕಲ್ಲಿನಾಗ ಇರ್ತೈತಂತ. ಬಿಸಲಿನ ಕರೆಂಟು, ಗಾಳಿ ಕರೆಂಟು ಕೂಡಿಡೂ ಮನಿಯಷ್ಟು ದೊಡ್ಡ ಬ್ಯಾಟರಿಗೆ ಅದು ಬೇಕಂತ. ನಾ ತೂತು ಕೊರೆಯೂ ಮಷೀನು ನಡಸ್ತೇನಿ. ಐವತ್ತೆಂಟನೇ ವಯಸ್ಸಿನಾಗ ಮೊದಲನೇ ಸಲ ಕಲ್ಲು ಬಂದ್ರ ಸಾಹೇಬ್ರು ಖುಷಿ ಪಡೂದು ನೋಡಿದೆ. "ಏನ್ ಬಂತು?" ಅಂತಾರ, "ಬರೇ ಕಲ್ಲರಿ" ಅಂತೇನಿ, "ಶಾಬಾಸ್" ಅಂತಾರ. ಇಷ್ಟ ವರ್ಷ ನಾ ತಪ್ಪ ಗಿರಾಕಿ ಹಿಡದಿದ್ದೆ.

ಈ ಮಷೀನು ಕಲ್ಲು ಪುಡಿ ಮಾಡೂದಿಲ್ಲ. ಲಟ್ಟಣಗಿಯಂಗ ದುಂಡಗ, ಉದ್ದಕ ಕತ್ತರಿಸಿ ಹೊರಗ ತರ್ತೈತಿ. ಅವನ್ನ ನಂಬರ್ ಹಾಕಿ ತಗಡಿನ ಡಬ್ಬ್ಯಾಗ ಸಾಲಾಗಿ ಮಲಗಸ್ತಾರ. ಆ ಕಲ್ಲು ಓದಾಕ ರಂಜನಾ ಅಂತ ಒಬ್ಬ ಹೆಣ್ಣಮಗಳು ಅದಾಳ, ಭೂವಿಜ್ಞಾನದಾಕಿ. ಹೋದ ವಾರ ಡಬ್ಬಿ ನಂಬರ್ ಹದಿನಾಕರಾಗ ಒಂದೂವರಿ ಫೂಟ ಕಲ್ಲ ಕಾಣವಲ್ದು. ಆ ತೂತಿನಾಗ ಅದ ಭಾಳ ಚಲೋ ಕಲ್ಲಂತ. ಅಕಿ ಅಳೂದೊಂದ ಬಾಕಿ. ಊರೆಲ್ಲಾ ಹುಡಕಿದ್ವಿ. ಕಡಿಗೆ ಸಿಕ್ಕಿದ್ದೆಲ್ಲಿ? ಗುಡ್ಡದ ಬುಡಕ ಇರೂ ವೀರವ್ವ ಅನ್ನೂ ಮುದುಕಿ ಒಳ್ಳಿನಾಗ ಅದ್ರಲೇ ಚಟ್ನಿ ಅರಿಯಾಕತ್ತಿದ್ಲು.

ರಂಜನಾ, "ಅಜ್ಜಿ, ಅದು ಇನ್ನೂರಾ ಹನ್ನೊಂದನೇ ಫೂಟಿನ ಕಲ್ಲರಿ!" ಅಂದ್ಲು.

ವೀರವ್ವ, "ಹೌದೇನವ್ವಾ? ಅದಕ್ಕ ರುಚಿ ಆಗೇತಿ. ರೊಟ್ಟಿ ಕೊಡ್ಲ್ಯಾ?" ಅಂದ್ಲು.

ಉಂಡು, ಕಲ್ಲು ತೊಳದು ತಂದ್ವಿ. ರಂಜನಾ ಅದನ್ನ ಲ್ಯಾಬಿಗೆ ಕಳಸೂ ಮುಂದ "ಮೆಣಸಿನಕಾಯಿ ಸೋಕಿದೆ" ಅಂತ ಚೀಟಿ ಹಚ್ಚ್ಯಾಳ. ಅಷ್ಟು ಪ್ರಾಮಾಣಿಕ ಹುಡುಗಿ.

ನಿನ್ನ, ಮಾತಿಲ್ಲದ ದೋಸ್ತ,
ಕರಿಬಸಪ್ಪ


ಸವಣೂರ
೨ ಡಿಸೆಂಬರ್ ೨೦೨೪

ಶ್ರೀಯುತ ಕರಿಬಸಪ್ಪನವರಿಗೆ,

ತಮ್ಮ ಪತ್ರ ತಲುಪಿದೆ. ಅದನ್ನು ನಾನು ಓದಿಲ್ಲ. ನನ್ನ ಹೆಂಡತಿ ಶಾಕೀರಾ ಗಟ್ಟಿಯಾಗಿ ಓದಿದಳು. ನಾನು ಅದೇ ಕೋಣೆಯಲ್ಲಿ ಬೇರೆ ಕೆಲಸದ ಮೇಲೆ ಕುಳಿತಿದ್ದೆ.

ತಾವು ಕೇಳದಿದ್ದರೂ ತೋಟದ ಸಮಾಚಾರ ತಿಳಿಸುವುದು ನನ್ನ ಕರ್ತವ್ಯ. ತಾವು ಕೊರೆದ ಮೂರನೇ ಬೋರಿನ ಮೇಲೆ, ತಮ್ಮ ಭರವಸೆಯಿಂದ ನಾನು ಮೊದಲೇ ತಂದಿಟ್ಟಿದ್ದ ಸೋಲಾರ್ ಪಂಪು ಈಗಲೂ ನಿಂತಿದೆ. ಬಹಳ ಒಳ್ಳೆಯ ಪಂಪು. ಸೂರ್ಯ ಹುಟ್ಟಿದ ಕೂಡಲೇ ಶುರುವಾಗುತ್ತದೆ, ಮುಳುಗುವವರೆಗೆ ಒಂದು ನಿಮಿಷ ನಿಲ್ಲುವುದಿಲ್ಲ. ದಿನವಿಡೀ ಗಾಳಿ ಎತ್ತುತ್ತದೆ. ಮಧ್ಯಾಹ್ನ ಶಾಕೀರಾ ಅದರ ಪೈಪಿನ ಮುಂದೆ ಸಂಡಿಗೆ ಒಣಗಿಸುತ್ತಾಳೆ.

ನಮ್ಮ ಅಜ್ಜ ತೋಡಿಸಿದ ಬಾವಿ ಒಣಗಿಯೇ ಇದೆ. ಹನ್ನೆರಡು ಸಾಲು ಎಲೆಬಳ್ಳಿಯಲ್ಲಿ ಎರಡು ಉಳಿದಿವೆ, ಅವಕ್ಕೆ ಟ್ಯಾಂಕರಿನ ನೀರು. ತಮ್ಮಂಥವರು ಬೀಡಾ ಹಾಕಿಕೊಳ್ಳುವಾಗ ಈ ವಿಷಯ ನೆನಪಿರಲಿ.

ಬ್ಯಾಟರಿ ಕೆಲಸಕ್ಕೆ ಅಭಿನಂದನೆಗಳು. ಕಲ್ಲು ಸಿಕ್ಕರೆ ಸಂತೋಷಪಡುವ ಜನ ತಮಗೆ ದೊರೆತದ್ದು ದೇವರ ದಯೆ.

ಇಂತಿ,
ಇಸ್ಮಾಯಿಲಸಾಬ

ತಾ.ಕ. ಆ ಮುದುಕಿ ಚಟ್ನಿಗೆ ಬಳ್ಳೊಳ್ಳಿ ಹಾಕಿದ್ಲೋ ಇಲ್ಲೋ? ಇದನ್ನ ಕೇಳಿದಾಕಿ ಶಾಕೀರಾ, ನಾ ಅಲ್ಲ.


ಕಪ್ಪರಗುಡ್ಡ
೧೦ ಜನವರಿ ೨೦೨೫

ಇಸ್ಮಾಯಿಲಾ,

ಬಳ್ಳೊಳ್ಳಿ ಹಾಕಿದ್ಲು, ಭಾಳ ಹಾಕಿದ್ಲು ಅಂತ ಶಾಕೀರಾ ಭಾಬಿಗೆ ಹೇಳು. ಹೇಳಾಕ ಅಡ್ಡಿ ಇಲ್ಲಲಾ, ಅಕಿ ಸಂಗಾಟ ಆಣಿ ಇಲ್ಲ.

ನೀ ನಗತಿ ಅಂತ ಗೊತ್ತೈತಿ, ಆದ್ರೂ ಬರೀತೇನಿ. ನೀರು ಬಿತ್ತು.

ಹೋದ ಸೋಮವಾರ ಏಳನೇ ತೂತು ಕೊರಿಯಾಕತ್ತಿದ್ದೆ. ಗುಡ್ಡದ ತೆಳಗಿನ ಬಾಜು. ಊರ ಮಂದಿ ಎಲ್ಲಾ ಸಂತಿಗೆ ಹಿರೇಕೆರೂರಿಗೆ ಹೋಗಿದ್ರು. ನೂರಾ ಎಂಬತ್ತ ಫೂಟಿಗೆ ಮಷೀನು ಒಮ್ಮೆ ಹಗರ ಆತು. ನಾ ಏನೋ ಮುರೀತು ಅಂತ ಬಗ್ಗಿ ನೋಡಿದೆ. ಮಾರಿಗೆ ಹೊಡೀತು ನೋಡ! ತಣ್ಣಗ, ತಿಳಿ, ನನ್ನ ಎತ್ತರಕ್ಕ. ಮೂವತ್ತ ವರ್ಷ ಸಾವಿರದ ಮ್ಯಾಲ ಬೋರ್ ಹೊಡದೇನಿ. ತಾನಾಗಿ ಚಿಮ್ಮಿ ಬಂದ ನೀರು ಇದ ಮೊದಲ್ನೇದು. ಬ್ಯಾಡಂದ ಜಾಗಾದಾಗ ಬಂತು. ನಾ ಅಲ್ಲೇ ಕುಂತು ಅತ್ತೆ. ಅತ್ತಿದ್ದು ಯಾರಿಗೂ ಗೊತ್ತಾಗಲಿಲ್ಲ, ಮೊದಲ ತೊಯ್ದಿದ್ದೆ. ವೀರವ್ವ ಒಬ್ಬಾಕಿ ಓಡಿ ಬಂದು, ಏನೂ ಕೇಳದ, ನಾಕ ಕೊಡಾ ತುಂಬಕೊಂಡು ಹೋದ್ಲು.

ಕಂಪನಿ ನಿಯಮದ ಪುಸ್ತಕದಾಗ ಹಿಂಗೈತಿ: ನೀರು ಬಂದ್ರ ಅದನ್ನ ದಿನದ ಹಾಳ್ಯಾಗ ಬರೀಬೇಕು, ಊರಿಗೆ ಹೇಳಬೇಕು, ತೂತು ತಳದಿಂದ ಸಿಮೆಂಟ್ ಹಾಕಿ ಮುಚ್ಚಬೇಕು. ಚಲೋ ಪುಸ್ತಕ. ಆದ್ರ ನಮ್ಮ ಮ್ಯಾನೇಜರ್ ರುದ್ರೇಶ ಆ ಪುಸ್ತಕದ ಮ್ಯಾಲ ಚಹಾದ ಕಪ್ಪ ಇಡತಾನ. ಅಂವ ಅಂದ, "ಕರಿಬಸಪ್ಪ, ನೀರು ಅಂತ ಬರದ್ರ ಒಂದ ವರ್ಷ ನೀರಿನ ಸರ್ವೇ ಆಗಬೇಕಾಗತೈತಿ. 'ಒಣ' ಅಂತ ಬರದು ಸಹಿ ಮಾಡ್ರಿ. ಮುಚ್ಚೂದೂ ಬ್ಯಾಡ. ಮಷೀನಿಗೆ ಹೆಂಗೂ ನೀರು ಬೇಕು, ಪೈಪ್ ಹಾಕಿ ಎಳಕೊಳ್ಳೂಣು."

ರಂಜನಾ ತನ್ನ ಹಾಳ್ಯಾಗ ನೀರು ಅಂತ ಬರದಾಳ. ಆದ್ರ ತೂತು ಕೊರದಾಂವ ನಾ. ನನ್ನ ಸಹಿ ಬೇಕು. ನಾ ಇನ್ನೂ ಮಾಡಿಲ್ಲ. ಕನ್ನಡಕ ಒಡದೈತಿ ಅಂತ ಹೇಳಿ ನಾಕ ದಿನಾ ಕಳದೇನಿ. ನಾಳೆ ಮ್ಯಾನೇಜರ್ ಹೊಸಾ ಕನ್ನಡಕ ತರಸ್ತಾನಂತ.

ಏನ ಮಾಡ್ಲಿ?

ಕರಿಬಸಪ್ಪ


ಸವಣೂರ
೨೪ ಜನವರಿ ೨೦೨೫

ಶ್ರೀಯುತ ಕರಿಬಸಪ್ಪನವರಿಗೆ,

ನಕ್ಕಿಲ್ಲ. ಕೆಮ್ಮು ಬಂದಿತ್ತು.

ತಾವು ಸಲಹೆ ಕೇಳಿದ್ದೀರಿ. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ನನ್ನ ತೋಟದಲ್ಲಿ ಧೂಳು ಏಳುತ್ತಿದ್ದಾಗ ತಾವು "ತ್ಯಾವ ಐತಿ, ತ್ಯಾವ ಐತಿ" ಎಂದಿರಿ. ಈಗ ನೀರು ಏಳುತ್ತಿರುವಾಗ "ಒಣ" ಎಂದು ಬರೆದರೆ ಲೆಕ್ಕ ಸರಿಯಾಗುತ್ತದೆ ಎಂದು ತಮಗೆ ಅನ್ನಿಸಿರಬಹುದು. ಸರಿಯಾಗುವುದಿಲ್ಲ. ಎರಡು ಸುಳ್ಳು ಕೂಡಿಸಿದರೆ ಒಂದು ನಿಜ ಬರುವುದಿಲ್ಲವೆಂದು ನಮ್ಮ ಎರಡನೇ ಇಯತ್ತೆಯ ಮಾಸ್ತರರು ತಮ್ಮ ಬೆನ್ನ ಮೇಲೆ ಬರೆದು ತಿಳಿಸಿದ್ದರು.

ಹೊಸ ಕನ್ನಡಕ ತಮಗೆ ಚೆನ್ನಾಗಿ ಕಾಣಿಸಲಿ.

ಇಂತಿ,
ಇಸ್ಮಾಯಿಲಸಾಬ


ಕಪ್ಪರಗುಡ್ಡ
೯ ಫೆಬ್ರುವರಿ ೨೦೨೫

ಇಸ್ಮಾಯಿಲಾ,

ಈ ಪತ್ರ ನೀನ ಓದು. ಭಾಬಿ ಕಡೆ ಓದಸಬ್ಯಾಡ. ಹೊರಗ ಹೋಗಿ ಓದು.

ಸಹಿ ಮಾಡಿದೆ. "ಒಣ" ಅಂತ. ಹೊಸಾ ಕನ್ನಡಕದಾಗ ಅಕ್ಷರಾ ಭಾಳ ದೊಡ್ಡೂ ಕಂಡ್ವು.

ಅದಾಗಿ ಹದಿನೈದ ದಿನಕ್ಕ ಊರಾಗ ಗದ್ದಲ ಹತ್ತಿತು. ಕಪ್ಪರಗುಡ್ಡದ ಕೆರಿ ತುಂಬೂದು ಗುಡ್ಡದ ಬುಡದ ಒಂದ ಒರತಿಯಿಂದ. ಆ ಒರತಿ ಬೆರಳಿನ ದಪ್ಪಕ್ಕ ಇಳದೈತಿ. ಮಂದಿ ದೇವ್ರಿಗೆ ಸಿಟ್ಟ ಬಂದೈತಿ ಅನ್ನಾಕತ್ತಾರ. ನಾ ರಂಜನಾನ್ನ ಕೇಳಿದೆ, "ಯಾಕ ಹಿಂಗವ್ವಾ?" ಅಕಿ ನನ್ನ ಮಾರಿ ನೋಡಿ ಅಂದ್ಲು, "ಕಾಕಾ, ನೆಲದಾಗ ನೀರು ಹಾದಿ ಮಾಡಿಕೊಂಡಿರ್ತೈತ್ರಿ. ನಾವು ಹೊಸಾ ಬಾಗಲಾ ತೆಗದು ಹಂಗ ಬಿಟ್ರ ಅದು ಹಳೇ ಹಾದಿ ಬಿಡತೈತಿ. ಇಲ್ಲಿ ಮ್ಯಾಲ ಬಂತು. ಒಂದೊಂದ ಕಡೆ ಮ್ಯಾಲಿನ ನೀರು ತೂತು ಹಿಡದು ತೆಳಗ ಇಳದು ಹೋಕ್ಕೈತಿ. ಬಾಜೂಕ ಬಾವಿ ಇದ್ರ ಬತ್ತಿ ಹೋಕ್ಕಾವು. ಅದಕ್ಕ ಮುಚ್ಚಬೇಕು ಅನ್ನೂದು."

ನಾ ಊಟಕ್ಕ ಕುಂತಿದ್ದೆ. ತಾಟು ಬಾಜೂಕ ಸರಿಸಿ ಈ ಪತ್ರ ಬರಿಯಾಕ ಹತ್ತಿದೆ.

ನಿನ್ನ ತೋಟದ ಮೂರನೇ ಬೋರ್ ನೆನಪೈತಿ? ಇನ್ನೂರಾ ಎಂಬತ್ತ ಫೂಟಿಗೆ ಕಲ್ಲ ಬದಲಾತು. ಇನ್ನ ನೀರು ಬರೂದಿಲ್ಲ ಅಂತ ನಂಗ ಅವಾಗ ತಿಳೀತು. ಆದ್ರ ಅರ್ಧಾ ಓಣಿ ಬಂದು ನಿಂತಿತ್ತು. ಭಾಬಿ ಎಲ್ಲಾರಿಗೂ ಶರಬತ್ ಕೊಡಾಕತ್ತಿದ್ಲು. ಅಷ್ಟ ಮಂದಿ ಎದುರು "ನಂದು ತಪ್ಪಾತು, ಇಲ್ಲಿ ನೀರಿಲ್ಲ" ಅನ್ನಾಕ ನಾಲಿಗಿ ಏಳಲಿಲ್ಲ. "ತ್ಯಾವ ಐತಿ, ತ್ಯಾವ ಐತಿ" ಅಂತ ಐನೂರಾ ಹತ್ತ ಫೂಟ ಇಳಸಿದೆ. ಆಮ್ಯಾಲ ತೂತು ಮುಚ್ಚದ ಹಂಗ ಬಿಟ್ಟು ಬಂದೆ.

ಬರಗಾಲಕ್ಕೂ ಬತ್ತದ ನಿಮ್ಮ ಅಜ್ಜನ ಬಾವಿ, ಆ ಬೋರ್ ಆಗಿ ಒಂದ ತಿಂಗಳದಾಗ ಬತ್ತಿತು. ಬಿಸಲ ಜಾಸ್ತಿ ಆತು ಅಂತ ನೀ ಅಂದಿ. ನಾನೂ ಹೌದಂದೆ. ಅದು ಬಿಸಲಲ್ಲ, ಇಸ್ಮಾಯಿಲಾ. ನನ್ನ ತೂತು.

ಗೊತ್ತಿದ್ದು ಮಾಡಿದ್ದಲ್ಲ. ಆದ್ರ ಇನ್ನೂರಾ ಎಂಬತ್ತಕ್ಕ ನಿಲ್ಲಸಿದ್ರ ಆಗ್ತಿರಲಿಲ್ಲೋ ಏನೋ.

ಕರಿಬಸಪ್ಪ


ಕಪ್ಪರಗುಡ್ಡ
೪ ಮಾರ್ಚ್ ೨೦೨೫

ಇಸ್ಮಾಯಿಲಾ,

ಬೈದಾದ್ರೂ ಬರಿ. "ಶ್ರೀಯುತ" ಅಂತ ಬರದ್ರೂ ನಡೀತೈತಿ.

ಏಪ್ರಿಲ್ ಹನ್ನೆರಡಕ್ಕ ಇಲ್ಲಿ ಗ್ರಾಮ ಸಭಾ ಐತಿ. ಕಂಪನಿಯವ್ರು ಊರಿಗೆಲ್ಲಾ ಎಲ್ಲಾ ಹೇಳೂದಂತ. ನೀರಿನ ಬಗ್ಗೆ ಮಾತಾಡಾಕ ನನ್ನ ನಿಲ್ಲಸ್ತಾರಂತ.

ಕ.


ಸವಣೂರ
೧೯ ಮಾರ್ಚ್ ೨೦೨೫

ಕರಿಬಸಪ್ಪಣ್ಣನಿಗೆ ಶಾಕೀರಾ ಮಾಡೂ ಸಲಾಮ.

ನಾವು ಆರಾಮ. ರೋಜಾ ಉಪಾಸ ನಡದಾವು. ನಿಮ್ಮ ಪತ್ರ ನಾ ಓದಿಲ್ಲ. ಅವರು ಹೊರಗ ಒಯ್ದು ಓದಿ ಜೇಬಿನಾಗ ಇಟ್ಕೊಂಡ್ರು. ಆದ್ರ ಅಂಗಿ ಒಗಿಯಾಕಿ ನಾನ ಅಲ್ಲೇನು? ಒದ್ದಿ ಆಗಬಾರದಂತ ತೆಗದೆ. ಒಣಗಸೂ ಮುಂದ ಎರಡು ಸಾಲ ಕಣ್ಣಿಗೆ ಬಿದ್ವು. ಉಳಿದ ಸಾಲಾನೂ ಬೀಳ್ಲಿ ಅಂತ ಬಿಟ್ಟೆ.

ಅಣ್ಣಾ, ಸಿಟ್ಟ ನಂಗೂ ಬಂದೈತಿ. ಅವತ್ತಿನ ಶರಬತ್ತಿಗೆ ನಾ ಹಾಕಿದ ಲಿಂಬಿಹಣ್ಣು ಈಗ ಹಲ್ಲು ಚಳ್ ಅನ್ನಸಾಕತ್ತಾವು. ಆದ್ರ ಅವರ ಸಿಟ್ಟ ಬ್ಯಾರೆ ಐತಿ. ಪತ್ರ ಬಂದ ದಿನದಿಂದ ದಿನಾ ಸಂಜಿ ಮುಂದ ಅಸರ್ ನಮಾಜ್ ಆದ ಮ್ಯಾಲ ಬಾವಿ ಕಟ್ಟಿ ಮ್ಯಾಲ ಕುಂಡ್ರತಾರ. ಮಾತಿಲ್ಲ. ಮೊದಲ ನಿಮ್ಮ ಸಂಗಾಟ ಮಾತ್ರ ಬಿಟ್ಟಿದ್ರು, ಈಗ ನನ್ನ ಸಂಗಾಟಾನೂ ಬಿಟ್ಟಾರ. ನಿನ್ನೆ ಹುಳಿ ಸಾರಿಗೆ ಉಪ್ಪ ಹಾಕದ ಇಟ್ಟೆ, ಬೈತಾರೇನು ನೋಡೂಣು ಅಂತ. ಸುಮ್ಮನ ಉಂಡ್ರು. ಅವಾಗ ನಂಗ ಹೆದರಿಕಿ ಆತು.

ನೋಡ್ರಿ, ನಂಗ ತಿಳದದ್ದು ಹೇಳ್ತೇನಿ. ನೀವು ತಪ್ಪ ಒಪ್ಪಿಕೊಂಡಿದ್ದು ಒಬ್ಬ ಮನಶ್ಯಾಗ, ಪಾಕೀಟಿನಾಗ ಹಾಕಿ, ಹೊರಗ ಓದು ಅಂತ ಹೇಳಿ. ತಪ್ಪ ಮಾಡಿದ್ದು ಓಣಿ ಮಂದಿ ಎದುರು. ಅಲ್ಲಿ ಊರ ಮಂದಿ ಎದುರು ಮತ್ತ ಅದನ್ನ ಮಾಡಾಕ ಹೊಂಟೀರಿ. ಮಾಡಬ್ಯಾಡ್ರಿ.

ಹಬ್ಬ ಮುಗದ ಮ್ಯಾಲ ಅವರನ್ನ ಬಸ್ಸಿಗೆ ಹತ್ತಸ್ತೇನಿ. ಬಸ್ಸು ನಂಗ ಪುಕಟ್ಟ ಐತಿ, ಆದ್ರ ಮೊಣಕಾಲ ನೋವು, ಬರಾಕ ಆಗೂದಿಲ್ಲ. ಎಲ್ಲಿಗೆ ಅಂತ ಅವರಿಗೆ ಹೇಳೂದಿಲ್ಲ. ಹಿರೇಕೆರೂರಾಗ ಎಲಿಬಳ್ಳಿ ಸಸಿ ಚಲೋ ಸಿಗ್ತಾವಂತ ಹೇಳ್ತೇನಿ. ಅವರಿಗೂ ಅದು ಸುಳ್ಳಂತ ಗೊತ್ತಾಗತೈತಿ. ಆದ್ರೂ ಹೋಗ್ತಾರ.

ನಿಮ್ಮ ತಂಗಿ,
ಶಾಕೀರಾ


ಕಪ್ಪರಗುಡ್ಡ
೧೪ ಏಪ್ರಿಲ್ ೨೦೨೫

ಶಾಕೀರಾ ಭಾಬಿಗೆ ನಮಸ್ಕಾರ.

ಸಭಾದಾಗ ಏನಾತು ಅಂತ ಅವನ್ನ ಕೇಳಿದ್ರ "ಏನಿಲ್ಲ" ಅಂದಿರ್ತಾನ. ಅದಕ್ಕ ನಾನ ಬರೀತೇನಿ.

ಸಾಲಿ ಪಡಸಾಲ್ಯಾಗ ಇನ್ನೂರ ಮಂದಿ ಕೂಡಿದ್ರು. ಮ್ಯಾನೇಜರ್ ರುದ್ರೇಶ ಮೈಕ್ ಹಿಡದು, ದೇಶಕ್ಕ ಬ್ಯಾಟರಿ ಎಷ್ಟು ಬೇಕು, ಊರಿಗೆ ನೌಕರಿ ಎಷ್ಟು ಬರ್ತಾವು ಅಂತ ಹೇಳಿದ. ಸುಳ್ಳೇನಲ್ಲ ಅದು. ಕಡಿಗೆ, "ನಮ್ಮ ತೂತು ಎಲ್ಲಾ ಒಣ. ನಿಮ್ಮ ಒರತಿಗೂ ನಮಗೂ ಸಂಬಂಧ ಇಲ್ಲ. ಮೂವತ್ತ ವರ್ಷ ಬೋರ್ ಹೊಡದ ಹಿರೇರು ಹೇಳ್ತಾರ ಕೇಳ್ರಿ" ಅಂತ ಮೈಕ್ ನನ್ನ ಕೈಯಾಗ ಕೊಟ್ಟ. ರಂಜನಾ ತೆಳಗ ಮಾರಿ ಹಾಕಿ ಕುಂತಿದ್ಲು.

ನಾ ಖರೇ ಹೇಳಬೇಕಂತನ ಎದ್ದಿದ್ದೆ, ಭಾಬಿ. ನಿಮ್ಮ ಪತ್ರ ಜೇಬಿನಾಗಿತ್ತು. ಆದ್ರ ಇನ್ನೂರ ಮಂದಿ ಮಾರಿ ನೋಡಿದ ಕೂಡಲೇ ಹಳೇ ಚಟ ಬಂತು. "ಏಳನೇ ತೂತಿನಾಗ... ಅಂದ್ರ... ಒಣ ಅನ್ನಾಕೂ ಆಗೂದಿಲ್ಲ... ಸ್ವಲ್ಪ ತ್ಯಾವ..." ಅಂದೆ.

ಹಿಂದಿಂದ ಒಂದ ದನಿ ಗುಡುಗಿತು ನೋಡ್ರಿ:

"ಏ ಕರಿಬಸ್ಯಾ! ತ್ಯಾವ ಅಂತ ತ್ಯಾವ! ನನ್ನ ತೋಟದಾಗ ಧೂಳ ಎದ್ದಾಗ ತ್ಯಾವ ಅಂದಿ. ಇಲ್ಲಿ ಮಾರಿಗೆ ನೀರು ಹೊಡದ್ರೂ ತ್ಯಾವ ಅಂತಿ. ನಿನ್ನ ಬಾಯಾಗ ಧೂಳಿಗೂ ನೀರಿಗೂ ಒಂದ ಹೆಸರೇನು?"

ಮಂದಿ ಎಲ್ಲಾ ತಿರುಗಿ ನೋಡಿದ್ರು. ನಿಮ್ಮ ಗಂಡ ಕಿಟಕಿ ಬಾಜೂಕ, ನೀವು ಕಟ್ಟಿಕೊಟ್ಟ ಡಬ್ಬಿ ಎದಿಗೆ ಅವಚಿಕೊಂಡು ನಿಂತಿದ್ದ. ಬಾಯಿ ಬಿಟ್ಟಿದ್ದು ಆಮ್ಯಾಲ ಅವಗ ತಿಳೀತು. ಒಂದ ಕೈಲೇ ಬಾಯಿ ಮುಚ್ಚಿಕೊಂಡ. ಪಂಚಾಯ್ತಿ ಸೆಕ್ರೆಟರಿ ಪೆನ್ ಹಿಡದು, "ತಮ್ಮ ಹೆಸರ್ರಿ?" ಅಂದ.

ಇಂವಗ ಬಸ್ ಸ್ಟ್ಯಾಂಡಿನ ಮಾತು ನೆನಪಾತು. ಆಣಿ ಮುರದು ಹೋಗಿತ್ತಲಾ! ಇಸ್ಮಾಯಿಲಸಾಬ ಅನ್ನಂಗಿಲ್ಲ. "ಸವಣೂರಿಂದ ಬಂದ ಒಬ್ಬ ಎಲಿ ತೋಟದಾಂವ ಅಂತ ಬರಕೋರಿ" ಅಂದ.

ನಂಗ ಅಲ್ಲೇ ನಗಿ ಬಂತು. ನಗಿ ಬಂದ ಕೂಡಲೇ ಹೆದರಿಕಿ ಹೋತು. ಮೈಕಿನಾಗ ಎಲ್ಲಾ ಹೇಳಿಬಿಟ್ಟೆ. ನೂರಾ ಎಂಬತ್ತ ಫೂಟಿಗೆ ನೀರು ಬಂದಿದ್ದು, "ಒಣ" ಅಂತ ಸಹಿ ಮಾಡಿದ್ದು, ಆ ನೀರು ಮಷೀನಿಗೆ ಎಳಕೊಳ್ಳಾಕತ್ತಿದ್ದು. ವೀರವ್ವ ಎದ್ದು ನಿಂತು, "ಖರೇ ಐತಿ, ನಾ ನಾಕ ಕೊಡಾ ತುಂಬೇನಿ. ಬ್ಯಾಳಿ ಚಲೋ ಬೇಯತೈತಿ" ಅಂದ್ಲು. ರಂಜನಾ ತನ್ನ ಹಾಳಿ ತೆಗದು ಓದಿದ್ಲು. ಮ್ಯಾನೇಜರ್ ಮಾತ್ರ ಮೈಕ್ ಕೆಟ್ಟೈತಿ, ಮೈಕ್ ಕೆಟ್ಟೈತಿ ಅನ್ನಾಕತ್ತಿದ್ದ.

ಮಂದಿ ಸಿಳ್ಳಿ ಹೊಡದ್ರು. ನಾ ದೊಡ್ಡ ಮನಶ್ಯಾ ಆದೆ ಅಂದ್ಕೊಂಡೆ. ಎರಡ ನಿಮಿಷಕ್ಕ ಮತ್ತೊಂದ ಗದ್ದಲ ಎದ್ದಿತು. "ಹಂಗಾದ್ರ ಆ ತೂತು ಊರಿಗೆ ಬಿಡ್ರಿ! ನಲ್ಲಿ ಹಾಕ್ರಿ!" ನಾ, "ಬಿಡಾಕ ಬರೂದಿಲ್ಲರಿ, ಮುಚ್ಚಬೇಕು" ಅಂದೆ. "ನೀರು ತೆಗದಾಂವನೂ ಇಂವ, ಮುಚ್ಚಾಂವನೂ ಇಂವ! ಹೊರಗ ಹಾಕ್ರಿ ಇವನ್ನ!" ಒಬ್ಬಾಂವ ನನ್ನ ಕಾಲರಿಗೆ ಕೈ ಹಾಕಿದ.

ಅವಾಗ ನಿಮ್ಮ ಗಂಡ ಮಂದಿ ನಡುವ ಹಾದು ಮುಂದ ಬಂದ. ಡಬ್ಬಿ ನನ್ನ ಕೈಯಾಗ ಕೊಟ್ಟ. ಮೈಕ್ ಇಸಕೊಂಡ. ಒದರಲಿಲ್ಲ.

"ನಮ್ಮ ಅಜ್ಜ ತೋಡಿಸಿದ ಬಾವಿ ಇತ್ರಿ" ಅಂದ. "ನಾ ಈಜು ಕಲತದ್ದು ಅದ್ರಾಗ. ಈ ನನ್ನ ದೋಸ್ತಗ ಕಲಿಸಿದ್ದೂ ಅದ್ರಾಗ. ಅದ್ರ ಬಾಜೂಕ ಒಂದ ತೂತು ಬಿತ್ತು. ಮುಚ್ಚಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಒಂದ ತಿಂಗಳದಾಗ ಬಾವಿ ಹೋತು. ನಿಮಗ ಇವತ್ತ ಗೊತ್ತೈತಿ. ಒರತಿ ಬೇಕೋ, ನಲ್ಲಿ ಬೇಕೋ, ನೀವ ಹೇಳ್ರಿ."

ಕಾಲರ್ ಹಿಡದಾಂವ ಬಿಟ್ಟ.

ಭಾಬಿ, ಆ ತೂತು ಕೊರದಾಂವ ನಾನ ಅಂತ ಅಂವ ಹೇಳಲಿಲ್ಲ. ಹೇಳಿದ್ರ ಚಲೋ ಇತ್ತು. ನಾನ ಮೈಕ್ ಇಸಕೊಂಡು ಹೇಳಿದೆ.

ಮಂದಿ ಒರತಿನ ಬೇಕಂದ್ರು. ನಿನ್ನೆ ಅವರ ಎದುರು ಏಳನೇ ತೂತು ಮುಚ್ಚಿದ್ವಿ. ರಂಜನಾ ಅಳತಿ ನೋಡಿದ್ಲು, ನಾ ಸಿಮೆಂಟ್ ಇಳಸಿದೆ. ಮುಚ್ಚಿ ಕೈ ತೊಳಕೊಳ್ಳೂದ್ರಾಗ ಮ್ಯಾನೇಜರ್ ನನ್ನ ಕೆಲಸದಿಂದ ತೆಗದ ಚೀಟಿ ಕೊಟ್ಟ. ಅದ್ರ ಮ್ಯಾಲೂ ಸಹಿ ಬೇಕಂದ. ಹಳೇ ಕನ್ನಡಕ ಹಾಕ್ಕೊಂಡು ಮಾಡಿದೆ.

ಸಭಾ ಮುಗದ ದಿನಾನ, ಡಬ್ಬ್ಯಾಗಿನ ಊಟ ಇಬ್ಬರೂ ಒರತಿ ಬಾಜೂಕ ಕುಂತು ಉಂಡಿದ್ವಿ. ಅಂವ ತನ್ನ ಪಾಲಿನ ರೊಟ್ಟಿ ಮುರದು ಅರ್ಧಾ ನನ್ನ ಕಡೆ ಸರಿಸಿದ. ಉಪ್ಪ ಸರಿಯಾಗಿತ್ತು.

ನಿಮ್ಮ ಅಣ್ಣ,
ಕರಿಬಸಪ್ಪ


ಸವಣೂರ
೨೮ ಏಪ್ರಿಲ್ ೨೦೨೫

ಕರಿಬಸ್ಯಾ,

ಶಾಕೀರಾಗ ಎಲ್ಲಾ ಬರದೀ. ಬರಿಯೂದ ಬರದಿ, ಬಾಯಿ ಮುಚ್ಚಿಕೊಂಡಿದ್ದು ಯಾಕ ಬರದಿ? ಓಣಿ ಹೆಣ್ಣಮಕ್ಕಳೆಲ್ಲಾ ನನ್ನ ನೋಡಿ ಬಾಯಿಗೆ ಕೈ ಇಟ್ಕೊಳ್ಳಾಕತ್ತಾರ.

ಒಂದ ಮಾತ ಹೇಳ್ತೇನಿ, ಇಷ್ಟ ದಿನಾ ಹೇಳಾಕ ಆಗಲಿಲ್ಲ. ನೀರು ಹೋತಂತ ನಂಗ ಅಷ್ಟು ಸಿಟ್ಟಿರಲಿಲ್ಲ. ಬಾವಿ ಬತ್ತಿದಾಗ ನಾ ಏನ ತಪ್ಪ ಮಾಡಿದೆ ಅಂತ ಹುಡುಕಿದೆ. ಅಜ್ಜನ ಹೆಸರಿನಾಗ ಮಾಡೂದು ಏನರ ಬಿಟ್ಟೆನೋ, ಯಾರದರ ಶಾಪ ಹತ್ತಿತೋ ಅಂತ. ಎರಡ ವರ್ಷ ನನ್ನ ಲೆಕ್ಕ ನಾನ ತೆಗದೇನಿ. ನಿನ್ನ ಪತ್ರ ಬಂದಾಗ ಮೊದಲ ಸಿಟ್ಟ ಬಂತು. ಆಮ್ಯಾಲ ಎದಿ ಮ್ಯಾಲಿನ ಕಲ್ಲ ಇಳದಂಗ ಆತು. ಶಾಪ ಅಲ್ಲ, ಬರೇ ಕರಿಬಸ್ಯಾ! ಅದಕ್ಕ ಉತ್ತರಾ ಬರಿಯಾಕ ಆಗಲಿಲ್ಲ. ಬೈಲ್ಯೋ, ನಗ್ಲ್ಯೋ ತಿಳೀಲಿಲ್ಲ.

ಆಣಿ ಮುರದದ್ದರ ಬಗ್ಗೆ ಮೌಲಾನಾರನ್ನ ಕೇಳಿದೆ. ಹೆಸರು ಹೋಗೂದಿಲ್ಲಂತ, ಆದ್ರ ಹತ್ತ ಮಂದಿ ಬಡವರಿಗೆ ಊಟ ಹಾಕಬೇಕಂತ. ಒಂಬತ್ತ ಮಂದಿ ಸಿಕ್ಕಾರ. ಒಬ್ಬಾಂವ ಕಡಿಮಿ ಬಿದ್ದಾನ.

ನಿನ್ನ ನೌಕರಿ ಹೋತಂತಲಾ. ಶುಕ್ರವಾರ ಬಾ. ಬರೂ ಮುಂದ ಸಿಮೆಂಟ್ ಇಳಸೂ ಪೈಪ್ ತಾ.

ಇಸ್ಮಾಯಿಲಸಾಬ


ಹಾನಗಲ್ಲ
೧೧ ಜುಲೈ ೨೦೨೫

ಇಸ್ಮಾಯಿಲಾ,

ಫೋನಿನಾಗ ಹೇಳಬಹುದಿತ್ತು. ಆದ್ರ ಫೋನಿನಾಗ ನೀ ನಡುವ ಬಾಯಿ ಹಾಕ್ತಿ.

ಕಪ್ಪರಗುಡ್ಡದ ಸುದ್ದಿ ಬಂದೈತಿ. ರಂಜನಾ ತನ್ನ ವರದ್ಯಾಗ ನೀರಿನ ಮಾತು ಬರದು, ನನ್ನ ಸುಳ್ಳ ಸಹಿದೂ ಬರದು ಕಂಪನಿ ದೊಡ್ಡವ್ರಿಗೆ ಕಳಸಿದ್ಲು. ಅವ್ರು ಮ್ಯಾನೇಜರನ್ನ ಎಲ್ಲೋ ದೂರ ಕಳಸ್ಯಾರ. ಒಂದ ವರ್ಷ ನೀರಿನ ಸರ್ವೇ ಮಾಡೂದಂತ, ತೆಳಗಿನ ಬಾಜು ಮುಟ್ಟೂದಿಲ್ಲಂತ. ಮ್ಯಾಲಿನ ಬಾಜು ಗಣಿ ಆಗತೈತೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಊರಾಗ ಅರ್ಧಾ ಮಂದಿ ನಂಗ ಶಾಬಾಸ್ ಅಂತಾರ, ಅರ್ಧಾ ಮಂದಿ ನೌಕರಿ ತಡಾ ಮಾಡಿದಿ ಅಂತ ಬೈತಾರ. ಎರಡೂ ಕಡೇವ್ರು ಚಹಾ ಕೊಡ್ತಾರ. ಬ್ಯಾಟರಿ ಬ್ಯಾಡ ಅಂತ ನಾ ಅನ್ನೂದಿಲ್ಲ. ಅದಕ್ಕ ಬೇಕಾದ ಕಲ್ಲು ಎಲ್ಲಿಂದರ ತೆಗೀಬೇಕಲಾ. ಹಾಳ್ಯಾಗ ಇದ್ದದ್ದು ಇದ್ದಂಗ ಬರದು ತೆಗೀಲಿ.

ನಿನ್ನ ಮೂರೂ ತೂತು ಮುಚ್ಚಿ ಹೋದ ಮ್ಯಾಲ ನನಗೊಂದ ಹೊಸಾ ಉದ್ಯೋಗ ಹತ್ತೈತಿ. ಹಳೇ ಗಿರಾಕಿ ಮನಿಗೆ ಹೋಗೂದು, "ನಾ ಹೊಡದ ಒಣಾ ಬೋರ್ ಮುಚ್ಚಾಕ ಬಂದೇನ್ರಿ" ಅನ್ನೂದು. ಸಿಮೆಂಟ್ ಅವರದು, ಕೈ ನಂದು. ನಿನ್ನೆ ಹಾನಗಲ್ಲಿನ ಆ ಗೋಡೌನಿನಾಂವನ ಹೊಲಕ್ಕ ಹೋದೆ. ನನ್ನ ನೋಡಿದ ಕೂಡಲೇ ಅಂವ ಕಾಲಾಗಿನ ಚಪ್ಪಲಿ ತೆಗದ. ನಾ ನಿಂತೆ. ಹತ್ತ ಹೆಜ್ಜಿ ಬಂದು, ಏನ ಅನ್ನಿಸ್ತೋ, ಅಲ್ಲೇ ಚಪ್ಪಲಿ ಹಾಕ್ಕೊಂಡು, "ಅಲ್ಲೋ, ಹೊಡಿಯೂ ಮುಂದ ಒಮ್ಮೆರೆ ಹೆದರಿದ್ದೇನು? ಮುಚ್ಚಾಕ ಯಾಕ ಹೆದರಿ ನಿಂತಿ?" ಅಂದ. ನಾ ಸಿಮೆಂಟ್ ಕಲಸಾಕ ಹತ್ತಿದೆ. ಅಂವನ ಬಂದು ಪೈಪ್ ಹಿಡಕೊಂಡ.

ಬಾವಿ ಹೆಂಗೈತಿ ಅಂತ ನಾ ಕೇಳೂದಿಲ್ಲ. ಕೇಳಾಕ ಹೆದರಿಕಿ.

ಕರಿಬಸಪ್ಪ


ಸವಣೂರ
೨೬ ಜುಲೈ ೨೦೨೫

ಕರಿಬಸಪ್ಪಾ,

ಶಾಕೀರಾಗ ಹದಿನೈದ ದಿನಾ ಆತು ನಸಿಕಿನ್ಯಾಗ ನಿದ್ದಿ ಇಲ್ಲ. "ತೋಟದಾಗ ಯಾರೋ ಒದರಾಕತ್ತಾರ, ಹೋಗಿ ನೋಡ್ರಿ" ಅಂತಿದ್ಲು. ನಾ, ಬೋರಿನಿಂದ ತೆಗದು ಬಾಜೂಕ ಇಟ್ಟ ಸೋಲಾರ್ ಪಂಪ್ ಅಂದೆ. ಬಿಸಲ ಬೀಳೂಕಿಂತ ಮೊದಲ ಪಂಪ್ ಹೆಂಗ ಒದರತೈತಿ ಅಂದ್ಲು. ಇವತ್ತ ಎದ್ದು ಹೋದೆ. ದನಿ ಬಾವ್ಯಾಗಿಂದ ಬರಾಕತ್ತಿತ್ತು.

ಕಪ್ಪಿ. ಒಂದಲ್ಲ, ಒಂದ ಜಮಾತಿನಷ್ಟು.

ಪಾವಟಿಗಿ ಇಳದು ಹೋದೆ. ಕಡೇ ಮೂರು ಪಾವಟಿಗಿ ನೀರಾಗ ಅದಾವು. ಕೈ ಹಾಕಿದೆ. ತಣ್ಣಗಿತ್ತು. ಅಲ್ಲೇ ಕುಂತು ಮುಖಾ ತೊಳಕೊಂಡೆ, ಮತ್ತೊಮ್ಮೆ ತೊಳಕೊಂಡೆ. ಫಜರ್ ನಮಾಜಿಗೆ ತಡಾ ಆತು.

ನಿನ್ನ ರಂಜನಾಬಾಯಿಗೆ ಫೋನ್ ಮಾಡಿದೆ. ಅಕಿ ಖುಷಿ ಪಟ್ಲು, ಆದ್ರ ಭಾಳ ನಂಬಬ್ಯಾಡ್ರಿ ಕಾಕಾ ಅಂದ್ಲು. ಈ ಸಲ ಮಳೀನೂ ಚಲೋ ಐತಿ, ಇದು ಮಳಿ ನೀರೋ, ಸಿಮೆಂಟ್ ಹಾಕಿದ್ದಕ್ಕ ನಿಂತ ನೀರೋ, ಈಗ ಹೇಳಿದ್ರ ಸುಳ್ಳಾಗತೈತಿ, ಒಂದ ವರ್ಷ ಅಳತಿ ನೋಡಿ ಹೇಳಬೇಕು ಅಂದ್ಲು. ಖರೇ ಮಾತು. ಶಾಕೀರಾಗ ಹೇಳಿದೆ.

ಅಕಿ ಚಾದರ ಮಾರಿ ಮ್ಯಾಲ ಎಳಕೊಂಡು, "ನಿಮಗ ಒಂದ ವರ್ಷ ಬೇಕಾಗತೈತಿ. ಕಪ್ಪಿಗೆ ಇವತ್ತ ಗೊತ್ತಾಗೇತಿ" ಅಂದ್ಲು.

ಇಸ್ಮಾಯಿಲಸಾಬ